ವರ್ತನೆ ಹಾಲಿಗೂ ಒಂದು ಕಾನೂನು ಬೇಕೆ?

ಬೆಳಗಿನ ಆರು ಗಂಟೆ. ಕೊಟ್ಟಿಗೆಯಲ್ಲಿ ಹಾಲು ಕರೆದಾಗಿದೆ. ಕರೆದ ಹಾಲು ಎರಡು ದಾರಿ ಹಿಡಿಯುತ್ತದೆ. ದೊಡ್ಡ ಕ್ಯಾನಿನ ಹಾಲು ಡೇರಿಗೆ ಹೋಗುತ್ತದೆ. ಚಿಕ್ಕ ಪಾತ್ರೆಯ ಹಾಲು ಪಕ್ಕದ ಬೀದಿಯ ಮೇಷ್ಟರ ಮನೆಗೋ, ಬಸ್‌ಸ್ಟ್ಯಾಂಡಿನ ಟೀ ಅಂಗಡಿಗೋ ಹೋಗುತ್ತದೆ. ತಿಂಗಳಿಗೊಮ್ಮೆ ಲೆಕ್ಕ ಮಾಡಿ ದುಡ್ಡು ಪಡೆಯುವ ಈ ದಿನದಿನದ ಹಾಲಿಗೆ ಹಳೆ ಮೈಸೂರಿನ ಕಡೆ ‘ವರ್ತನೆ ಹಾಲು’ ಎನ್ನುತ್ತಾರೆ. ನಿಮ್ಮಲ್ಲಿ ಎಷ್ಟೋ ಮಂದಿ ಶಾಲೆಗೆ ಹೊರಡುವ ಮೊದಲು ಇವೆರಡರಲ್ಲಿ ಒಂದನ್ನಾದರೂ ತಲುಪಿಸಿ ಬರುವವರು ತಾನೆ?

ಎರಡೂ ಒಂದೇ ಹಸುವಿನ ಹಾಲು. ಆದರೆ ಡೇರಿಗೆ ಹೋದ ಹಾಲಿನ ‘ಡಿಗ್ರಿ’ ನೋಡುತ್ತಾರೆ, ‘ಫ್ಯಾಟ್’ ನೋಡುತ್ತಾರೆ. ಆಮೇಲೆ ಅದನ್ನು 4 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗೆ ಮಾಡುತ್ತಾರೆ. ಪ್ಯಾಕೆಟ್ಟಿಗೆ ತುಂಬುವ ಮೊದಲು ಕಾರ್ಖಾನೆಯಲ್ಲಿ ಬಿಸಿ ಮಾಡಿ ರೋಗಾಣುಗಳನ್ನು ಕೊಲ್ಲುತ್ತಾರೆ. ಚಿಕ್ಕ ಪಾತ್ರೆಯ ಹಾಲಿಗೆ ಇದಾವುದೂ ಇಲ್ಲ. ಕೊಳ್ಳುವವರು ಬೆರಳದ್ದಿ ನೋಡಿ, “ಇವತ್ತು ನೀರು ಜಾಸ್ತಿ ಆಯ್ತಲ್ಲಮ್ಮ” ಎಂದರೆ ಅದೇ ಪರೀಕ್ಷೆ!

ಇದು ಸರಿಯೆ? ಎರಡು ಹಸು ಸಾಕಿ ನಾಲ್ಕು ಮನೆಗೆ ಹಾಲು ಹಾಕುವವರಿಗೂ ಸರ್ಕಾರ ನಿಯಮ ಮಾಡಬೇಕೆ? ಮಾಡಿದರೆ ಅವರ ಬದುಕು ಏನಾಗುತ್ತದೆ? ಮಾಡದಿದ್ದರೆ ಆ ಹಾಲು ಕುಡಿಯುವ ಪುಟ್ಟ ಮಗುವಿನ ಗತಿ ಏನು? ಇದಕ್ಕೆ ಉತ್ತರ ಹುಡುಕಬೇಕಾದರೆ ಮೊದಲು ಹಾಲಿನೊಳಗೆ ಏನು ನಡೆಯುತ್ತದೆ ಎಂದು ನೋಡಬೇಕು.

ಆರೋಗ್ಯವಾದ ಹಸುವಿನ ಕೆಚ್ಚಲಿನೊಳಗೆ ಇರುವಾಗ ಹಾಲಿನಲ್ಲಿ ಸೂಕ್ಷ್ಮಜೀವಿಗಳು ಬಹಳ ಕಡಿಮೆ. ಹೊರಗೆ ಬಂದ ಕ್ಷಣದಿಂದ ಅವು ಸೇರಿಕೊಳ್ಳುತ್ತವೆ. ಮೊಲೆತೊಟ್ಟಿಗೆ ಅಂಟಿದ ಸಗಣಿ, ಕರೆಯುವವರ ಕೈ, ಸರಿಯಾಗಿ ತೊಳೆಯದ ಪಾತ್ರೆಯ ಅಂಚು, ಗಾಳಿಯ ದೂಳು, ಇವೆಲ್ಲ ದಾರಿಗಳು. ಕರೆದಾಗ ಹಾಲಿನ ಉಷ್ಣತೆ 38 ಡಿಗ್ರಿಯ ಆಸುಪಾಸು ಇರುತ್ತದೆ. ಬ್ಯಾಕ್ಟೀರಿಯಗಳಿಗೆ ಇದು ಹೇಳಿ ಮಾಡಿಸಿದ ಬೆಚ್ಚನೆಯ ಮನೆ. ಸಕ್ಕರೆ, ಪ್ರೋಟೀನು, ನೀರು, ಎಲ್ಲವೂ ಅಲ್ಲೇ ಇದೆ.

ಒಂದು ಲೆಕ್ಕ ಮಾಡೋಣ. ಅನುಕೂಲ ಒದಗಿದರೆ ಕೆಲವು ಬ್ಯಾಕ್ಟೀರಿಯಗಳು 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತವೆ. ಎಂದರೆ ಒಂದು ಗಂಟೆಗೆ 8. ಎರಡು ಗಂಟೆಗೆ 64. ಹೀಗೇ ಮುಂದುವರಿದರೆ ಬೆಳಗ್ಗೆ ಆರಕ್ಕೆ ಒಂದೇ ಒಂದು ಇದ್ದದ್ದು ಮಧ್ಯಾಹ್ನ ಹನ್ನೆರಡಕ್ಕೆ 2,62,144 ಆಗಿರುತ್ತದೆ! ನಿಜವಾದ ಹಾಲಿನಲ್ಲಿ ಲೆಕ್ಕ ಇಷ್ಟು ನೇರವಾಗಿರುವುದಿಲ್ಲ. ಹೊಸದಾಗಿ ಕರೆದ ಹಾಲಿನಲ್ಲಿ ಬ್ಯಾಕ್ಟೀರಿಯಗಳನ್ನು ಸ್ವಲ್ಪ ಹೊತ್ತು ತಡೆಯುವ ವಸ್ತುಗಳೂ ಇವೆ. ಆದರೆ ಆ ರಕ್ಷಣೆ ಕೆಲವು ಗಂಟೆಗಳದ್ದು ಮಾತ್ರ. ಡೇರಿಯವರು ಹಾಲನ್ನು ಬೇಗ ತಣ್ಣಗೆ ಮಾಡುವುದು ಇದಕ್ಕೇ. ತಂಪಿನಲ್ಲಿ ಬ್ಯಾಕ್ಟೀರಿಯಗಳು ಸಾಯುವುದಿಲ್ಲ, ಅವುಗಳ ವೃದ್ಧಿ ಬಹಳ ನಿಧಾನವಾಗುತ್ತದೆ.

ಇನ್ನು ‘ಡಿಗ್ರಿ’ ನೋಡುವ ವಿಚಾರ. ಲ್ಯಾಕ್ಟೊಮೀಟರ್ ಎಂಬ ಗಾಜಿನ ಕೊಳವೆಯನ್ನು ಹಾಲಿನಲ್ಲಿ ತೇಲಿಬಿಟ್ಟು ಅದು ಎಷ್ಟು ಮುಳುಗುತ್ತದೆ ಎಂದು ನೋಡುವುದನ್ನು ನೀವು ಕಂಡಿರಬಹುದು. ಹಾಲು ನೀರಿಗಿಂತ ಸ್ವಲ್ಪ ಹೆಚ್ಚು ಸಾಂದ್ರ. ನೀರು ಬೆರೆಸಿದರೆ ಸಾಂದ್ರತೆ ಇಳಿದು ಕೊಳವೆ ಹೆಚ್ಚು ಮುಳುಗುತ್ತದೆ. ಆದರೆ ಇದಕ್ಕೆ ಮೋಸ ಮಾಡಬಹುದು. ಕೆನೆ ತೆಗೆದರೆ ಸಾಂದ್ರತೆ ಏರುತ್ತದೆ, ನೀರು ಹಾಕಿದರೆ ಇಳಿಯುತ್ತದೆ. ಎರಡನ್ನೂ ಮಾಡಿದರೆ ಡಿಗ್ರಿ ಮತ್ತೆ ಸರಿಹೋಗುತ್ತದೆ! ಅದಕ್ಕೇ ಜಿಡ್ಡಿನ ಪರೀಕ್ಷೆಯೂ ಬೇಕಾಯಿತು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸ್ಟೀಫನ್ ಬ್ಯಾಬ್‌ಕಾಕ್ ಎಂಬ ವಿಜ್ಞಾನಿ 1890ರಲ್ಲಿ ಜಿಡ್ಡನ್ನು ಸುಲಭವಾಗಿ ಅಳೆಯುವ ವಿಧಾನ ಕಂಡುಹಿಡಿದ. ಆದರೆ ಗಮನಿಸಿ. ಡಿಗ್ರಿಯಾಗಲಿ ಫ್ಯಾಟ್ ಆಗಲಿ, ಎರಡೂ ಹೇಳುವುದು ಹಾಲು ಎಷ್ಟು ಗಟ್ಟಿ ಎಂಬುದನ್ನು. ಅದರಲ್ಲಿ ರೋಗಾಣು ಇದೆಯೇ ಎಂಬುದನ್ನು ಅವು ಹೇಳಲಾರವು. ಶುದ್ಧ ಗಟ್ಟಿ ಹಾಲಿನಲ್ಲೂ ರೋಗಾಣು ಇರಬಹುದು.

ಬ್ಯಾಕ್ಟೀರಿಯ ಎಷ್ಟಿವೆ ಎಂದು ಅಂದಾಜು ಮಾಡಲು ಒಂದು ಚೆಂದದ ಪರೀಕ್ಷೆ ಇದೆ. ಹಾಲಿಗೆ ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣವನ್ನು ಸ್ವಲ್ಪ ಹಾಕಿ ಬೆಚ್ಚಗೆ ಇಡುತ್ತಾರೆ. ಬ್ಯಾಕ್ಟೀರಿಯಗಳು ಹಾಲಿನಲ್ಲಿರುವ ಆಕ್ಸಿಜನ್ನನ್ನು ಬಳಸಿ ಮುಗಿಸಿದಂತೆ ನೀಲಿ ಮಾಯವಾಗಿ ಹಾಲು ಮತ್ತೆ ಬೆಳ್ಳಗಾಗುತ್ತದೆ. ಅರ್ಧ ಗಂಟೆಯೊಳಗೆ ಬೆಳ್ಳಗಾದರೆ ಹಾಲು ತೀರಾ ಕಳಪೆ. ಐದು ಗಂಟೆ ಕಳೆದರೂ ನೀಲಿ ಉಳಿದರೆ ಉತ್ತಮ.

ಹಸಿ ಹಾಲು ಅಂದರೆ ಕಾಯಿಸದ ಹಾಲಿನ ಮಾರಾಟಕ್ಕೆ ನಿಯಮ ಬೇಕು ಎಂಬ ಮಾತು ಎಲ್ಲಿಂದ ಬಂತು? ಇದಕ್ಕೆ ಮಾಲ್ಟಾ ಎಂಬ ಪುಟ್ಟ ದ್ವೀಪದ ಕಥೆ ಕೇಳಬೇಕು.

ಮಾಲ್ಟಾ ಇರುವುದು ಯೂರೋಪಿನ ದಕ್ಷಿಣಕ್ಕೆ, ಮೆಡಿಟರೇನಿಯನ್ ಸಮುದ್ರದಲ್ಲಿ. ನೂರು ವರ್ಷಗಳ ಹಿಂದೆ ಅದು ಬ್ರಿಟಿಷರ ಕೈಯಲ್ಲಿತ್ತು. ಅಲ್ಲಿ ಬ್ರಿಟಿಷ್ ಸೈನಿಕರು ಬೀಡುಬಿಟ್ಟಿದ್ದರು. ಅವರನ್ನು ಒಂದು ವಿಚಿತ್ರ ಜ್ವರ ಕಾಡುತ್ತಿತ್ತು. ಜ್ವರ ಬರುತ್ತದೆ, ಬಿಡುತ್ತದೆ, ಮತ್ತೆ ಬರುತ್ತದೆ. ಕೀಲು ನೋವು, ವಿಪರೀತ ಬೆವರು. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಾಸಿಗೆ. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯ ಇದಕ್ಕೆ ಕಾರಣವಾದ ಬ್ಯಾಕ್ಟೀರಿಯವನ್ನು ಕಂಡುಹಿಡಿದ. ಆದರೆ ಅದು ಮನುಷ್ಯನ ಒಳಗೆ ಹೋಗುವುದು ಹೇಗೆ? ಗಾಳಿಯಿಂದಲೋ, ನೀರಿನಿಂದಲೋ, ಸೊಳ್ಳೆಯಿಂದಲೋ? ಹದಿನೆಂಟು ವರ್ಷ ಯಾರಿಗೂ ತಿಳಿಯಲಿಲ್ಲ.

ಆ ಕಾಲದಲ್ಲಿ ಮಾಲ್ಟಾದ ಆಡು ಸಾಕುವವರು ಹಾಲನ್ನು ಪಾತ್ರೆಯಲ್ಲಿ ತರುತ್ತಿರಲಿಲ್ಲ. ಆಡುಗಳನ್ನೇ ಬೀದಿಯಲ್ಲಿ ಹೊಡೆದುಕೊಂಡು ಬಂದು, ಮನೆ ಬಾಗಿಲಲ್ಲೇ ಕರೆದು ಕೊಡುತ್ತಿದ್ದರು. ನಮ್ಮ ಪೇಟೆಗಳಲ್ಲೂ ಹಿಂದೆ ಹಸುವನ್ನು ಬಾಗಿಲಿಗೆ ತಂದು ಕರೆದು ಕೊಡುವವರಿದ್ದರು, ಮನೆಯ ಹಿರಿಯರನ್ನು ಕೇಳಿ ನೋಡಿ. ಕಣ್ಣೆದುರಿಗೇ ಕರೆದ ಹಾಲು, ನೀರು ಬೆರೆಸಿಲ್ಲ ಎಂಬ ನಂಬಿಕೆ ಕೊಳ್ಳುವವರಿಗೆ. ಆ ನಂಬಿಕೆ ನಿಜವೇ ಆಗಿತ್ತು. ಅಪಾಯ ಇದ್ದದ್ದು ನೀರಿನಲ್ಲಲ್ಲ.

1905ರಲ್ಲಿ ಮಾಲ್ಟಾದವನೇ ಆದ ವೈದ್ಯ ತೆಮಿಸ್ಟೊಕ್ಲಿಸ್ ಝಮಿತ್ ಆಡುಗಳ ರಕ್ತವನ್ನು ಪರೀಕ್ಷಿಸಿದ. ಅವುಗಳಿಗೂ ಅದೇ ಸೋಂಕು ತಗುಲಿರುವ ಗುರುತು ಸಿಕ್ಕಿತು! ಆಮೇಲೆ ಹಾಲಿನಲ್ಲೂ ಅದೇ ಬ್ಯಾಕ್ಟೀರಿಯ ಕಾಣಿಸಿತು. ಆಶ್ಚರ್ಯವೆಂದರೆ ಆ ಆಡುಗಳು ನೋಡಲು ದಷ್ಟಪುಷ್ಟವಾಗಿದ್ದವು, ಮೇಯುತ್ತಿದ್ದವು, ಚೆನ್ನಾಗಿ ಹಾಲು ಕೊಡುತ್ತಿದ್ದವು. ಕಾಯಿಲೆ ಎಂದು ಹೇಳಲು ಯಾವ ಲಕ್ಷಣವೂ ಇರಲಿಲ್ಲ. ಅದೇ ವರ್ಷ ಮಾಲ್ಟಾದಿಂದ ಅಮೆರಿಕಕ್ಕೆಂದು ಆಡುಗಳನ್ನು ತುಂಬಿಕೊಂಡು ಹೊರಟ ಹಡಗಿನಲ್ಲಿ, ಅವುಗಳ ಹಾಲು ಕುಡಿದ ನಾವಿಕರಲ್ಲಿ ಹಲವರು ಜ್ವರದಿಂದ ಮಲಗಿದರು. ಇನ್ನು ಅನುಮಾನಕ್ಕೆ ಎಡೆಯಿರಲಿಲ್ಲ.

1906ರಲ್ಲಿ ಸೈನಿಕರಿಗೆ ಆಡಿನ ಹಾಲು ನಿಂತಿತು. 1905ರಲ್ಲಿ ನೂರಾರು ಸೈನಿಕರಿಗೆ ಬಂದಿದ್ದ ಜ್ವರ 1907ರ ವೇಳೆಗೆ ಬೆರಳೆಣಿಕೆಯಷ್ಟು ಮಂದಿಗೆ ಇಳಿಯಿತು. ಆದರೆ ಊರಿನ ಜನ? ಸೈನ್ಯದಲ್ಲಾದರೆ ಒಂದು ಆಜ್ಞೆ ಸಾಕು. ಊರಿನಲ್ಲಿ ಹಾಗಲ್ಲ. ಆಡೇ ಬದುಕಾಗಿದ್ದ ಎಷ್ಟೋ ಮನೆಗಳಿದ್ದವು. ತಮ್ಮ ಕೊಬ್ಬಿದ ಆಡುಗಳನ್ನು ‘ಕಾಯಿಲೆಯವು’ ಎಂದರೆ ಅವರು ಹೇಗೆ ನಂಬಬೇಕು? ಹಾಲು ನಿಲ್ಲಿಸಿದರೆ ಊಟಕ್ಕೇನು? ಜನ ಹಸಿ ಹಾಲು ಕುಡಿಯುತ್ತಲೇ ಇದ್ದರು, ಜ್ವರವೂ ಬರುತ್ತಲೇ ಇತ್ತು. ಹಾಲನ್ನು ಬಿಸಿ ಮಾಡಿ ಮಾರುವ ಪಾಶ್ಚರೀಕರಣ ಕೇಂದ್ರ ಮಾಲ್ಟಾದಲ್ಲಿ ಆರಂಭವಾದದ್ದು 1938ರಲ್ಲಿ. ಕಾರಣ ತಿಳಿದ ಮೇಲೂ ಮೂವತ್ತಮೂರು ವರ್ಷ! ವಿಜ್ಞಾನಿಗೆ ಉತ್ತರ ಸಿಕ್ಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಈ ರೋಗಕ್ಕೆ ಬ್ರೂಸ್‌ನ ಹೆಸರಿನಿಂದ ಬ್ರುಸೆಲ್ಲೋಸಿಸ್ ಎಂದು ಹೆಸರಾಯಿತು. ದನಗಳಲ್ಲಿ ಇದನ್ನು ನಮ್ಮ ಕಡೆ ಕಂದು ರೋಗ ಎನ್ನುತ್ತಾರೆ. ಗಬ್ಬದ ಹಸು ದಿನ ತುಂಬುವ ಮೊದಲೇ ಕಂದು ಹಾಕಲು ಇದೂ ಒಂದು ಕಾರಣ. ಅಂಥ ಹಸುವಿನ ಮಾಸನ್ನು ಬರಿಗೈಯಲ್ಲಿ ಮುಟ್ಟುವುದರಿಂದಲೂ ರೋಗ ಹರಡಬಹುದು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಇದರ ಲಸಿಕೆ ಸೇರಿದೆ.

ಪಾಶ್ಚರೀಕರಣ ಎಂದರೇನು? ಫ್ರಾನ್ಸಿನ ಲೂಯಿ ಪಾಶ್ಚರ್ 1860ರ ದಶಕದಲ್ಲಿ ದ್ರಾಕ್ಷಾರಸದ ಮದ್ಯ ಹುಳಿಯಾಗದಂತೆ ಹದವಾಗಿ ಬಿಸಿ ಮಾಡುವ ಉಪಾಯ ತೋರಿಸಿದ. ಹಾಲಿಗೆ ಅದನ್ನು ಅಳವಡಿಸಿದ್ದು ಆಮೇಲಿನವರು. ಹಾಲನ್ನು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇಡಬೇಕು, ಇಲ್ಲವೇ 72 ಡಿಗ್ರಿಯಲ್ಲಿ 15 ಸೆಕೆಂಡು. ಇಷ್ಟಕ್ಕೆ ಕಂದು ರೋಗದ, ಕ್ಷಯದ ರೋಗಾಣುಗಳು ಸಾಯುತ್ತವೆ. ಅಮೆರಿಕದ ಶಿಕಾಗೊ ನಗರ 1908ರಲ್ಲಿ ಪಾಶ್ಚರೀಕರಣವನ್ನು ಕಡ್ಡಾಯ ಮಾಡಿತು. ಸ್ಕಾಟ್ಲೆಂಡಿನಲ್ಲಿ 1983ರಿಂದ ಹಸಿ ಹಾಲು ಮಾರುವಂತೆಯೇ ಇಲ್ಲ. ಪಕ್ಕದ ಇಂಗ್ಲೆಂಡಿನ ಕ್ರಮ ಬೇರೆ. ಅಲ್ಲಿ ರೈತ ಹಸಿ ಹಾಲನ್ನು ಅಂಗಡಿಗೆ ಹಾಕುವಂತಿಲ್ಲ. ಕುಡಿಯುವವರಿಗೆ ತಾನೇ ನೇರವಾಗಿ ಮಾರಬಹುದು. ಆದರೆ ಇದು ಬಿಸಿ ಮಾಡದ ಹಾಲು, ಇದರಲ್ಲಿ ಹಾನಿಕರ ಜೀವಿಗಳಿರಬಹುದು ಎಂದು ಬಾಟಲಿಯ ಮೇಲೆ ಬರೆದಿರಬೇಕು.

ಹಾಗಾದರೆ ನಮ್ಮ ದೇಶದಲ್ಲಿ ಹಸಿ ಹಾಲಿನ ಮಾರಾಟವನ್ನು ಏಕೆ ನಿಷೇಧಿಸಿಲ್ಲ? ನಮಗೆ ರೋಗದ ಭಯವಿಲ್ಲವೆ?

ಉತ್ತರ ನಿಮ್ಮ ಅಡುಗೆಮನೆಯಲ್ಲೇ ಇದೆ. ಯೂರೋಪು, ಅಮೆರಿಕಗಳಲ್ಲಿ ಹಾಲನ್ನು ತಂದು ತಣ್ಣಗೆ ಹಾಗೇ ಕುಡಿಯುವುದು ರೂಢಿ. ಆದ್ದರಿಂದ ಹಾಲು ಮನೆಗೆ ಬರುವ ಮೊದಲೇ ಬೆಂಕಿ ಕಂಡಿರಬೇಕು. ಅಲ್ಲಿನ ಕಾನೂನು ಅದನ್ನೇ ಮಾಡುತ್ತದೆ. ನಮ್ಮಲ್ಲಿ ಹಾಲು ತಂದ ತಕ್ಷಣ ಒಲೆಯ ಮೇಲೆ ಇಡುತ್ತಾರೆ. ಪ್ಯಾಕೆಟ್ ಹಾಲು ಈಗಾಗಲೇ ಪಾಶ್ಚರೀಕರಣಗೊಂಡಿದ್ದರೂ ನಮ್ಮ ಅಮ್ಮಂದಿರು ಅದನ್ನೂ ಕಾಯಿಸದೆ ಬಿಡುವುದಿಲ್ಲ! ಹಾಲು ಉಕ್ಕುವಾಗ ಅದರ ಉಷ್ಣತೆ 100 ಡಿಗ್ರಿಯ ಹತ್ತಿರ ಇರುತ್ತದೆ. ಪಾಶ್ಚರೀಕರಣಕ್ಕೆ ಬೇಕಾದದ್ದು 72. ಸೌಟಿನಿಂದ ಕಲಕುತ್ತಾ ಒಂದು ಉಕ್ಕು ಬರಿಸಿದರೆ ಕಾರ್ಖಾನೆಯ ಕೆಲಸ ಮನೆಯಲ್ಲೇ ಆಯಿತು. ಕಾನೂನಿನ ಅರ್ಧ ಭಾರವನ್ನು ನಮ್ಮ ಒಲೆ ಹೊತ್ತುಕೊಂಡಿದೆ ಎನ್ನಬಹುದು. ಹಸಿ ಹಾಲು ಮಾರುವವರ ಮೇಲೆ ಸ್ಕಾಟ್ಲೆಂಡಿನಂಥ ನಿಷೇಧ ಇಲ್ಲಿ ಬೇಡ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಆದರೆ ಒಲೆ ತಲುಪದ ಜಾಗಗಳೂ ಇವೆ. ಕೊಟ್ಟಿಗೆಯಲ್ಲೇ ಬಿಸಿಬಿಸಿ ನೊರೆಹಾಲು ಕುಡಿದರೆ ಮೈಗೆ ಶಕ್ತಿ ಎಂದು ಕೆಲವರು ನಂಬುತ್ತಾರೆ. ಆ ಬಿಸಿ ಹಸುವಿನ ಮೈಯ ಬಿಸಿ. ಅದರಿಂದ ಯಾವ ರೋಗಾಣುವೂ ಸಾಯುವುದಿಲ್ಲ. ದೇವರ ಅಭಿಷೇಕಕ್ಕೆ ಕಾಯಿಸದ ಹಾಲೇ ಆಗಬೇಕು ಎನ್ನುವ ಮನೆಗಳಿವೆ. ಅದೇ ಹಾಲಿನ ಪಂಚಾಮೃತ ಮಕ್ಕಳ ಕೈಗೂ ಬರುತ್ತದೆ. ಮೊಸರಿನ ಚಿಂತೆ ಕಡಿಮೆ, ಏಕೆಂದರೆ ಮನೆಗಳಲ್ಲಿ ಕಾಯಿಸಿ ಆರಿಸಿದ ಹಾಲಿಗೇ ಹೆಪ್ಪು ಹಾಕುತ್ತೇವೆ. ತುಪ್ಪವಂತೂ ಕುದಿದು ಬಂದದ್ದು. ಹಸಿ ಹಾಲಿನ ಕೆನೆ ತೆಗೆದು ಕಡೆದ ಬೆಣ್ಣೆ ಹಾಗಲ್ಲ. ಪನ್ನೀರು, ಪೇಡಗಳನ್ನು ಬಿಸಿ ಮಾಡಿಯೇ ತಯಾರಿಸುತ್ತಾರೆ, ನಿಜ. ಆದರೆ ಆಮೇಲೆ ಎಷ್ಟು ಕೈ ಮುಟ್ಟುತ್ತವೆ? ಕೊಂಡವರು ಅವನ್ನು ಮತ್ತೆ ಕಾಯಿಸದೆಯೂ ತಿನ್ನುತ್ತಾರೆ. ಆದ್ದರಿಂದ ಚಿಕ್ಕ ರೈತ ಹಾಲು ಮಾರುವಾಗ ಬೇಕಾದುದಕ್ಕಿಂತ ಹೆಚ್ಚಿನ ಎಚ್ಚರ ಹಾಲಿನ ಪದಾರ್ಥಗಳನ್ನು ಮಾಡಿ ಮಾರುವಾಗ ಬೇಕು. ಅಮೆರಿಕದಲ್ಲಿ 1949ರಿಂದ ಇಂಥದೊಂದು ನಿಯಮವಿದೆ. ಹಸಿ ಹಾಲಿನಿಂದ ಮಾಡಿದ ಚೀಸನ್ನು ಕನಿಷ್ಠ 60 ದಿನ ಮಾಗಿಸಿದ ಮೇಲೆಯೇ ಮಾರಬೇಕು. ಅಷ್ಟರಲ್ಲಿ ಉಪ್ಪು, ಹುಳಿ ಮತ್ತು ನೀರು ಆರುವುದು, ಈ ಮೂರೂ ಸೇರಿ ರೋಗಾಣುಗಳನ್ನು ಕುಗ್ಗಿಸುತ್ತವೆ ಎಂಬ ಲೆಕ್ಕ.

ಒಲೆಗೆ ಸಾಧ್ಯವೇ ಆಗದ ಕೆಲಸವೂ ಇದೆ. ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿ, ಮುಸುಕಿನ ಜೋಳ ತಿಂದ ಹಸುವಿನ ಹಾಲಿಗೆ ಅಫ್ಲಾಟಾಕ್ಸಿನ್ ಎಂಬ ವಿಷ ಇಳಿದು ಬರಬಹುದು. ಕೆಚ್ಚಲು ಬಾವಿಗೆ ಚುಚ್ಚುಮದ್ದು ಕೊಟ್ಟರೆ ಕೆಲವು ದಿನ ಔಷಧಿಯ ಅಂಶ ಹಾಲಿನಲ್ಲಿರುತ್ತದೆ. ಎಷ್ಟು ಕಾಯಿಸಿದರೂ ಇವು ಪೂರ್ತಿ ಹೋಗುವುದಿಲ್ಲ. 2018ರಲ್ಲಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 1,103 ಪಟ್ಟಣ, ನಗರಗಳಿಂದ 6,432 ಹಾಲಿನ ಮಾದರಿಗಳನ್ನು ತೆಗೆದು ಪರೀಕ್ಷಿಸಿತು. ಅಪಾಯಕಾರಿ ಕಲಬೆರಕೆ ಸಿಕ್ಕಿದ್ದು 12ರಲ್ಲಿ ಮಾತ್ರ. ಔಷಧಿಯ ಅಂಶ ಮಿತಿ ಮೀರಿದ್ದು 77ರಲ್ಲಿ, ಅಫ್ಲಾಟಾಕ್ಸಿನ್ ಮಿತಿ ಮೀರಿದ್ದು 368ರಲ್ಲಿ! ನಾವು ಹೆದರುವುದು ಕಲಬೆರಕೆಗೆ. ಅದಕ್ಕಿಂತ ಹೆಚ್ಚಾಗಿ ಕಂಡದ್ದು ಹಸುವಿನ ಮೇವು ಮತ್ತು ಮದ್ದಿನಿಂದ ಬಂದದ್ದು.

ಈಗ ನಮ್ಮ ಕಾನೂನಿಗೆ ಬರೋಣ. 2006ರಲ್ಲಿ ಆಹಾರ ಸುರಕ್ಷತಾ ಕಾಯಿದೆ ಆಯಿತು. ಅದರಡಿ 2011ರಲ್ಲಿ ಬಂದ ನಿಯಮಗಳು ಚಿಕ್ಕವರನ್ನೂ ದೊಡ್ಡವರನ್ನೂ ಬೇರೆ ಮಾಡಿದವು. ದಿನಕ್ಕೆ 500 ಲೀಟರಿನವರೆಗೆ ಹಾಲು ಸಂಗ್ರಹಿಸಿ ಮಾರುವ ಚಿಕ್ಕ ವ್ಯಾಪಾರಕ್ಕೆ ಲೈಸೆನ್ಸ್ ಬೇಡ, ನೋಂದಣಿ ಸಾಕು ಎಂದವು. ಅದಕ್ಕೆ ವರ್ಷಕ್ಕೆ 100 ರೂಪಾಯಿ ಶುಲ್ಕ ಗೊತ್ತುಮಾಡಿದವು. ಜೊತೆಗೆ ಶುಚಿಯಾದ ಜಾಗ, ಶುದ್ಧ ನೀರು, ಶುಭ್ರವಾದ ಪಾತ್ರೆ ಇರಬೇಕು, ಅಂಟುರೋಗ ಇದ್ದವರು ಆಹಾರ ಮುಟ್ಟಬಾರದು ಎಂಬಂಥ ಕಟ್ಟುಪಾಡುಗಳು ಇದ್ದವು. ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯರಾಗಿದ್ದು ತಮ್ಮ ಹಾಲನ್ನೆಲ್ಲ ಸಂಘಕ್ಕೇ ಹಾಕುವವರಿಗೆ ಈ ನೋಂದಣಿಯಿಂದಲೂ ವಿನಾಯಿತಿ ಕೊಟ್ಟವು. ಅವರ ಹಾಲನ್ನು ಪರೀಕ್ಷಿಸಲು, ಬಿಸಿ ಮಾಡಲು ಮುಂದೆ ಬೇರೆಯವರು ಇದ್ದಾರಲ್ಲ! ‘ಹಾಲನ್ನೆಲ್ಲ’ ಎಂಬ ಮಾತನ್ನು ಗಮನಿಸಿ. ಕ್ಯಾನಿನ ಹಾಲು ಡೇರಿಗೆ, ಚಿಕ್ಕ ಪಾತ್ರೆಯದು ಮೇಷ್ಟರ ಮನೆಗೆ ಎಂದಾದರೆ ಈ ವಿನಾಯಿತಿ ಅನ್ವಯಿಸುವುದಿಲ್ಲ.

ಕಾಗದದ ಮೇಲೆ ಇದು ಸರಿಯಾಗಿಯೇ ಇದೆ. ಆದರೆ ವರ್ತನೆ ಹಾಲು ಹಾಕುವ ಎಷ್ಟೋ ಮಂದಿಗೆ ಇಂಥದೊಂದು ನೋಂದಣಿ ಇದೆ ಎಂಬುದೇ ತಿಳಿದಿಲ್ಲ. ಕಷ್ಟ 100 ರೂಪಾಯಿಯದಲ್ಲ. ಹಸುವಿಗೆ ಚುಚ್ಚುಮದ್ದು ಕೊಟ್ಟ ವೈದ್ಯರು “ಇಷ್ಟು ದಿನ ಈ ಹಾಲು ಯಾರಿಗೂ ಕೊಡಬೇಡಿ” ಎನ್ನುತ್ತಾರೆ. ಒಂದೇ ಹಸು ಇರುವ ಮನೆಯಲ್ಲಿ ಅಷ್ಟೂ ದಿನದ ಹಾಲನ್ನು ಚೆಲ್ಲಿದರೆ ಆ ತಿಂಗಳ ಹಿಂಡಿಯ ಸಾಲ ತೀರಿಸುವುದು ಯಾರು? ಚೆಲ್ಲದೆ ಮಾರಿದರೆ ಕುಡಿದವರ ಪಾಡೇನು? ಮಾಲ್ಟಾದ ಆಡಿನವನ ಕಷ್ಟವೇ ಇದು. ದಂಡ ಹಾಕುವ ನಿಯಮ ಬರೆಯುವುದು ಸುಲಭ. ಕಾಯಿಲೆಯ ದಿನಗಳ ನಷ್ಟ ತುಂಬಿಕೊಡುವ ನಿಯಮ, ಮನೆ ಬಾಗಿಲಿಗೆ ಬಂದು ಹಸುವಿನ ರಕ್ತ ಪರೀಕ್ಷೆ ಮಾಡುವ ವ್ಯವಸ್ಥೆ, ಇವನ್ನು ಮಾಡುವುದು ಕಷ್ಟ. ಆದರೆ ಚಿಕ್ಕ ರೈತ ನಿಜವಾಗಿ ಪಾಲಿಸಬಲ್ಲದ್ದು ಅಂಥ ನಿಯಮವನ್ನೇ ಎಂದು ನನಗನ್ನಿಸುತ್ತದೆ.

ನೀವೇ ಮಾಡಿ ನೋಡಿ

ಮೂರು ಗಾಜಿನ ಲೋಟಗಳನ್ನು ಕುದಿಯುವ ನೀರಿನಲ್ಲಿ ತೊಳೆದು ಒಣಗಿಸಿ. ಈ ಕೆಲಸಕ್ಕೆ ದೊಡ್ಡವರು ಜೊತೆಗಿರಲಿ. ಒಂದೇ ಹೊತ್ತು ಕರೆದ ಹಾಲನ್ನು ಮೂರು ಪಾಲು ಮಾಡಿ. ಮೊದಲನೆಯದು ಹಸಿ ಹಾಲು, ಹಾಗೇ ಮುಚ್ಚಿಡಿ. ಎರಡನೆಯದೂ ಹಸಿ ಹಾಲೇ, ಆದರೆ ಲೋಟಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡುವ ನೆರಳಿನಲ್ಲಿಡಿ. ಬಟ್ಟೆ ಒಣಗಲು ಬಿಡಬೇಡಿ. ಮೂರನೆಯದನ್ನು ಕಾಯಿಸಿ ಆರಿಸಿ ಮುಚ್ಚಿಡಿ. ಎರಡು ಗಂಟೆಗೊಮ್ಮೆ ಪ್ರತಿಯೊಂದರಿಂದ ಒಂದು ಚಮಚ ಹಾಲು ತೆಗೆದು, ಚಿಕ್ಕ ಸೌಟಿನಲ್ಲಿ ಬೇರೆ ಬೇರೆಯಾಗಿ ಕಾಯಿಸಿ. ಪ್ರತಿ ಸಲವೂ ಚಮಚ, ಸೌಟುಗಳನ್ನು ತೊಳೆಯುವುದನ್ನು ಮರೆಯಬೇಡಿ. ಯಾವುದು ಎಷ್ಟು ಹೊತ್ತಿಗೆ ಒಡೆಯಿತು ಎಂದು ಬರೆದಿಡಿ. ಬೇಸಿಗೆಯಲ್ಲಿ ಒಮ್ಮೆ, ಚಳಿಗಾಲದಲ್ಲಿ ಒಮ್ಮೆ ಮಾಡಿ ಎರಡು ಪಟ್ಟಿಗಳನ್ನೂ ತರಗತಿಯಲ್ಲಿ ಹೋಲಿಸಿ ನೋಡಿ. ಪ್ರಯೋಗ ಮುಗಿದ ಮೇಲೆ ಉಳಿದ ಹಾಲನ್ನು ಕುಡಿಯಬೇಡಿ, ಶಾಲೆಯ ತೋಟದ ಗಿಡದ ಬುಡಕ್ಕೆ ಸುರಿಯಿರಿ.